ಕ್ಯಾಮೆರಾದ ಮೈ ಅಳತೆ

ವಯಸ್ಸಾಗುವುದು ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ನನಗೆ ನೆತ್ತಿಯಿಂದ ಶುರುವಾಯಿತು, ನನ್ನ ಕ್ಯಾಮೆರಾಕ್ಕೆ ಹಿಡಿಕೆಯ ರಬ್ಬರಿನಿಂದ. ಶಹಾಪುರದಲ್ಲಿ ನನ್ನದೊಂದು ಪುಟ್ಟ ಫೋಟೋ ಸ್ಟುಡಿಯೋ ಇದೆ. ಆ ಕ್ಯಾಮೆರಾ ಕೊಂಡಾಗ ಸುತ್ತಲಿನ ಊರುಗಳಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನೇ. ಈಗಲೂ ಅದರ ಕಣ್ಣು ಚುರುಕು. ರಬ್ಬರ್ ಮಾತ್ರ ನಮ್ಮ ಬಿಸಿಲಿಗೋ ನನ್ನ ಬೆವರಿಗೋ ಉಬ್ಬಿ, ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಪೌಡರ್ ಹಚ್ಚಿ ನೋಡಿದೆ. ಅಂಟು ಹೋಗಲಿಲ್ಲ, ಕ್ಯಾಮೆರಾ ಘಮಘಮಿಸಿತು ಅಷ್ಟೆ.

ಮಾನ ಹೋದದ್ದು ಹತ್ತಿರದ ಗೋಗಿ ಊರಿನಲ್ಲಿ, ಒಂದು ಅರಿಷಿಣ ಹಚ್ಚುವ ಕಾರ್ಯದಲ್ಲಿ. ಕ್ಯಾಮೆರಾ ಅಡ್ಡ ತಿರುಗಿಸಿದೆ ನೋಡಿ, ರಬ್ಬರ್ ಕಿತ್ತು ನನ್ನ ಅಂಗೈಗೆ ಅಂಟಿತು, ಕ್ಯಾಮೆರಾ ಜಾರಿತು. ಕೊರಳಲ್ಲಿ ಪಟ್ಟಿ ಇದ್ದದ್ದಕ್ಕೆ ನನ್ನ ಹೊಟ್ಟೆಗೆ ಬಡಿದು ನಿಂತಿತು. ಮದುಮಗಳ ಅಜ್ಜಿ ಎದುರಿಗೇ ಕೂತಿದ್ದಳು. "ತಮ್ಮಾ, ನಿನ್ನ ಕ್ಯಾಮೆರಾದ ಚರ್ಮ ಸುಲಿಯಾಕತ್ತೈತಲ್ಲೋ" ಎಂದಳು. ಮದುಮಗಳು ನಕ್ಕುಬಿಟ್ಟಳು, ಆದರೆ ಅವಳ ಅಪ್ಪ ನಗಲಿಲ್ಲ. ನನ್ನನ್ನು ಬದಿಗೆ ಕರೆದು, ನಾಡಿದ್ದು ಸುರಪುರದಲ್ಲಿ ಮದುವೆ, ಬೇರೆಯವರಿಗೆ ಹೇಳಲೇ ಎಂದು ಮೆಲ್ಲಗೆ ಕೇಳಿದರು. ಅಷ್ಟರೊಳಗೆ ರಿಪೇರಿಯಾಗುತ್ತದೆ ಎಂದು ಭರವಸೆ ಕೊಟ್ಟು ಬಂದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ಬಿಡಿಭಾಗ ಮಾರುವವರಿಗೆ ಫೋನ್ ಮಾಡಿದರೆ, ಆ ಮಾಡೆಲ್ಲಿನ ರಬ್ಬರ್ ಬರುವುದು ನಿಂತು ಬಹಳ ವರ್ಷವಾಯಿತು ಎಂದರು. ಅದೇ ರಬ್ಬರನ್ನು ಗೋಂದು ಹಚ್ಚಿ ಕೂಡಿಸಿದೆ. ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಅಂಚು ಮೇಲೆದ್ದಿತ್ತು. ನನ್ನ ಹೆಂಡತಿ ಮಹಾದೇವಿ ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತಾಳೆ. ಮಷೀನಿನ ಮುಂದೆ ಕೂತು ನನ್ನ ಪಾಡು ನೋಡುತ್ತಿದ್ದವಳು, ಇಲ್ಲಿ ಕೊಡಿ ಎಂದಳು. ಇದು ಜಂಪರ್ ಕೆಲಸ ಅಲ್ಲ ಎಂದೆ. ಅವಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಅಂಟನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿ ತೆಗೆದಳು. ಸ್ಕೂಟರ್ ಸೀಟಿಗೆ ಹಾಕಿಸಿ ಉಳಿದಿದ್ದ ಕಪ್ಪು ರೆಕ್ಸಿನ್ ತಂದಳು. ಹಳೆಯ ರಬ್ಬರನ್ನು ಅದರ ಮೇಲಿಟ್ಟು ಗೀಟು ಹಾಕು ಎಂದು ನಾನು ಬುದ್ಧಿ ಹೇಳಿದೆ.

"ಉಬ್ಬಿದ್ದರ ಅಳತಿ ಹಿಡದ್ರ ಸಡ್ಲ ಆಗ್ತೈತ್ರಿ" ಎಂದಳು. "ಮೈ ಅಳತಿ ತೊಗೋಬೇಕು."

ಟೇಪು ಹಿಡಿದು ಕ್ಯಾಮೆರಾದ ಸುತ್ತಳತೆ ತೆಗೆದಳು, ಪೇಪರಿನಲ್ಲಿ ಮೊದಲು ಕತ್ತರಿಸಿ ಹೊಂದಿಸಿ ನೋಡಿದಳು, ಆಮೇಲೆ ರೆಕ್ಸಿನ್ ಕತ್ತರಿಸಿ ಅಂಟಿಸಿದಳು. ಒಂದು ಸುಕ್ಕಿಲ್ಲ. ಸುರಪುರದ ಮದುವೆಯಲ್ಲಿ ಅಕ್ಷತೆಯಿಂದ ಊಟದ ಪಂಕ್ತಿಯವರೆಗೆ ಬೆವರು ಸುರಿದರೂ ಕೈ ಜಾರಲಿಲ್ಲ. ಮದುಮಗಳ ಅಪ್ಪ ಕ್ಯಾಮೆರಾ ಮುಟ್ಟಿ ನೋಡಿ, ಹೊಸದು ತೊಗೊಂಡಿರೇನು ಎಂದು ಕೇಳಿದರು. ಇಲ್ಲ, ನಮ್ಮ ಮನೆಯವಳು ಮಾಡಿದ್ದು ಎಂದು ಮಂಟಪಕ್ಕೆಲ್ಲ ಕೇಳುವ ಹಾಗೆ ಹೇಳಿದೆ.

ಅದು ಕೇಳಿಸಿದ್ದು ಮಂಟಪಕ್ಕಷ್ಟೇ ಅಲ್ಲ. ಮೊನ್ನೆ ಹುಣಸಗಿಯ ಫೋಟೋಗ್ರಾಫರ್ ಒಬ್ಬರು ರಬ್ಬರ್ ಕಿತ್ತ ಕ್ಯಾಮೆರಾ ಹಿಡಿದುಕೊಂಡು ಸ್ಟುಡಿಯೋಗೆ ಬಂದರು. ನಾನು ಗತ್ತಿನಿಂದ ಕೈ ಚಾಚಿದೆ. ಅವರು ಕ್ಯಾಮೆರಾ ಕೊಡದೆ, "ಅಕ್ಕಾರು ಅದಾರೇನ್ರಿ?" ಎಂದರು. ಮನೆಗೆ ಕರೆದುಕೊಂಡು ಹೋದೆ. ಈಗ ಮಹಾದೇವಿ ಟೇಪು ಹಿಡಿದಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಕೆಲಸ ನನ್ನದು. ಅದನ್ನು ನನ್ನಷ್ಟು ಚೆನ್ನಾಗಿ ಹಿಡಿಯುವವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.