ನೀರು, ಸೊಳ್ಳೆ, ಎರಡನೇ ಕ್ರಾಸು

ಊರಿನ ಆರೋಗ್ಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಆರೋಗ್ಯವೇ ನೆಟ್ಟಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಅಂತ ಈ ಸುತ್ತಿನಲ್ಲೇ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಓಡಾಡಿಕೊಂಡಿದ್ದೇನೆ. ಏನಾದರೊಂದು ಎಡವಟ್ಟು ಆಗದೆ ವಾರ ಕಳೆಯುವುದಿಲ್ಲ. ಫೋನ್ ರಿಂಗಾದರೆ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಕೈ ಜೇಬಿಗೆ ಹೋಗುತ್ತದೆ. "ಎಲ್ಲರಿಗೂ ಕಾಯಿಲೆ ಬಂದ ಮೇಲೆ ಭಯ ಆಗುತ್ತೆ, ನಿಮಗೆ ಬರೋಕೆ ಮುಂಚೆನೇ ಆಗುತ್ತೆ" ಅನ್ನುತ್ತಾಳೆ ಹೆಂಡತಿ.

ಯಾವುದು ಯಾವ ಊರಲ್ಲಿ ನಡೆಯಿತು ಅಂತ ಮಾತ್ರ ಕೇಳಬೇಡಿ. ಮೂರು ಕಡೆಯೂ ನಾನಿನ್ನೂ ಬಸ್ಸಿಗೆ ನಿಲ್ಲಬೇಕು.

ಡ್ರಮ್ಮಿನ ಹುಳ

ಡೆಂಗಿ ಕಾಲ. ಒಂದೇ ಬೀದಿಯ ಇಬ್ಬರು ಮಕ್ಕಳು ಆಸ್ಪತ್ರೆ ಸೇರಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ಮನೆಮನೆಗೆ ಹೋಗಿ ನೀರಿನ ಡ್ರಮ್ಮಿಗೆ ಟಾರ್ಚ್ ಬೆಳಕು ಬಿಟ್ಟು ನೋಡುತ್ತಿದ್ದೆ. ಒಂದು ಮನೆಯ ಡ್ರಮ್ಮಿನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು.

"ಅಜ್ಜೀ, ಈ ನೀರು ಚೆಲ್ಲಿಬಿಡಿ" ಅಂದೆ.

ಅಜ್ಜಿ ಡ್ರಮ್ಮಿಗೆ ಅಡ್ಡ ನಿಂತರು. "ನಲ್ಲೀಲಿ ನೀರು ಬಂದು ವಾರ ಆಯ್ತು. ಚೆಲ್ಲೋದಾದ್ರೆ ಚೆಲ್ಲು. ನಾಳೆಯಿಂದ ಸ್ನಾನಕ್ಕೆ ಎಲ್ರೂ ನಿಮ್ಮನೆಗೇ ಬತ್ತೀವಿ."

ಅವರು ಹೇಳಿದ್ದೂ ಸರಿಯೇ. ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ನಮ್ಮಲ್ಲಿ ಇರುತ್ತದೆ. ನಾಲ್ಕು ಮೀನು ತಂದು ಡ್ರಮ್ಮಿಗೆ ಬಿಟ್ಟು, "ಇನ್ನು ಚಿಂತೆಯಿಲ್ಲ" ಎಂದು ನನಗೆ ನಾನೇ ಹೇಳಿಕೊಂಡು ಬಂದೆ.

ಕೆಲವು ದಿನ ಬಿಟ್ಟು ಹೋದರೆ ಡ್ರಮ್ಮಿನಲ್ಲಿ ಮೀನಿಲ್ಲ. ಹುಳ ಮೊದಲಿಗಿಂತ ದಷ್ಟಪುಷ್ಟವಾಗಿವೆ.

"ಮೀನು ಏನಾಯ್ತು ಅಜ್ಜೀ?"

"ಕೆರೆಗೆ ಬಿಟ್ಬಂದ್ವಿ ಕಣಪ್ಪ. ನಮ್ಮನೇಲಿ ಯಾರೂ ಮಾಂಸ ಮುಟ್ಟಲ್ಲ. ನೀನು ತಂದಿದ್ದು ನೋಡಿದ್ರೆ ಹಗಲೂ ರಾತ್ರಿ ಆ ಪಾಪದ ಹುಳ ಹಿಡಿದು ತಿಂತಿತ್ತು. ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ. ದೇವ್ರ ದಯೆ, ಹುಳ ಎಲ್ಲಾ ಉಳ್ಕೊಂಡ್ವು."

ಹೊಗೆ

ಅದೇ ಸೀಸನ್ನು. ಮೇಲಿನ ಬೀದಿಗೆ ಹೊಗೆ ಹೊಡೆಯಲು ಮೆಷಿನ್ ತೆಗೆದುಕೊಂಡು ಹೊರಟರೆ ಕೆಳಗಿನ ಬೀದಿಯ ಯಜಮಾನರೊಬ್ಬರು ಅಡ್ಡಗಟ್ಟಿದರು.

"ನೀವು ಅಲ್ಲಿ ಹೊಗೆ ಹಾಕ್ದಾಗೆಲ್ಲ ಅವ್ರ ಸೊಳ್ಳೆ ನಮ್ಮ ಬೀದಿಗೆ ಬತ್ತಾವೆ. ನಮ್ಮವೇ ನಮಗೆ ಬೇಕಾದಷ್ಟವೆ ಕಣ್ರೀ!"

ಸಮಾಧಾನ ಮಾಡಿ ಕೆಳಗಿನ ಬೀದಿಯಿಂದ ಶುರು ಮಾಡೋಣವೆಂದರೆ ಮೇಲಿನವರು ಬಂದರು. ಅವರದೂ ಅದೇ ದೂರು. ಕೊನೆಗೆ ಎರಡು ಮೆಷಿನ್ ತರಿಸಿ, ಎರಡೂ ತುದಿಯಿಂದ ಒಟ್ಟಿಗೇ ಹೊಡೆಸಿದೆ. ಇಬ್ಬರಿಗೂ ತೃಪ್ತಿಯಾಯಿತು.

ಎರಡು ಬೀದಿಗಳ ನಡುವೆ ಇರುವುದು ನಮ್ಮ ಆಫೀಸು.

ಎಮ್ಮೆ ಕಟ್ಟಿರುವ ಮನೆ

ಊರಾಚೆ ಹೊಲಗಳೆಲ್ಲ ಸೈಟುಗಳಾಗಿ ಹೊಸ ಬಡಾವಣೆ ಎದ್ದಿದೆ. ಮೂರು ಜನ ಮೂರು ಕಡೆಯಿಂದ ಸೈಟು ಮಾಡಿ ಮಾರಿದ್ದರಿಂದ ಒಂದನೇ ಕ್ರಾಸು ಮೂರು, ಎರಡನೇ ಕ್ರಾಸು ಮೂರು. ಅಲ್ಲೊಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್ ಡ್ರೈವರ್‌ಗೆ ದಾರಿ ಗೊತ್ತಾಗದೆ, ನೀವು ಊರೆಲ್ಲ ತಿರುಗಿದವರು ಅಂತ ನನ್ನನ್ನು ಹತ್ತಿಸಿಕೊಂಡ.

ಫೋನಿನಲ್ಲಿ ಆ ಹೆಣ್ಣುಮಗಳ ಅತ್ತೆ ಅಳುತ್ತಿದ್ದರು. "ಎರಡನೇ ಕ್ರಾಸು ಸಾರ್, ಬೇಗ ಬನ್ನಿ!"

"ಯಾವ ಎರಡನೇ ಕ್ರಾಸಮ್ಮಾ? ಏನಾದ್ರೂ ಗುರುತು ಹೇಳಿ."

"ಮನೆ ಮುಂದೆ ಎಮ್ಮೆ ಕಟ್ಟಿದೀವಿ!"

ಮೊದಲನೇ ಎರಡನೇ ಕ್ರಾಸಿನಲ್ಲಿ ಎಮ್ಮೆಯಿಲ್ಲ. ಎರಡನೇ ಎರಡನೇ ಕ್ರಾಸಿನಲ್ಲಿ ಎಮ್ಮೆಯಿತ್ತು. ಸೈರನ್ ಹಾಕಿಕೊಂಡು ಹೋಗಿ ನಿಲ್ಲಿಸಿದರೆ ವಯಸ್ಸಾದ ಯಜಮಾನರೊಬ್ಬರು ಪಂಚೆ ಎತ್ತಿಕಟ್ಟಿಕೊಂಡು ಬಂದು ಹಿಂದಿನ ಬಾಗಿಲಿಂದ ಹತ್ತಿ ಮಲಗಿಯೇಬಿಟ್ಟರು. "ಮಂಡಿ ನೋವು ಅಂತ ಬೆಳಿಗ್ಗೆನೇ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಪರವಾಗಿಲ್ಲ ಕಣಪ್ಪ, ಗೌರ್ಮೆಂಟು ಚೆನ್ನಾಗೈತೆ" ಅಂದರು.

ಅವರನ್ನು ಇಳಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮತ್ತೆ ಫೋನ್ ಮಾಡಿ, "ಅಮ್ಮಾ, ನಿಮ್ಮ ಎಮ್ಮೆ ಕಾಣ್ತಾ ಇಲ್ವಲ್ಲಾ!" ಎಂದು ಕೂಗಿದೆ.

"ಅಯ್ಯೋ, ಮೇಯಕ್ಕೆ ಹೋಗೈತೆ ಸಾರ್!"

ಕೊನೆಗೆ ಮನೆ ಸಿಕ್ಕಿತು. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು. ತಾಯಿ ಮಗು ಕ್ಷೇಮ. ನನಗೇ ಒಂದು ಬಾಟ್ಲು ಗ್ಲೂಕೋಸ್ ಬೇಕಿತ್ತು.

ಇನ್ನು ಹೀಗಾಗಬಾರದೆಂದು ಬೀದಿಗೆ ಬೋರ್ಡು ಹಾಕಿಸಲು ಆಫೀಸಿಂದ ಆಫೀಸಿಗೆ ಅಲೆದೆ. ಕೊನೆಗೂ ಬೋರ್ಡು ಬಂದವು. ಒಳ್ಳೆ ಹಸಿರು ಬಣ್ಣ, ದಪ್ಪ ಬಿಳಿ ಅಕ್ಷರ. ಮೂರೂ ಕಡೆ 'ಎರಡನೇ ಕ್ರಾಸ್'.

ಚೊಂಬು ನೀರು

ಒಂದು ಬೆಳಿಗ್ಗೆ ನೀರು ಬಿಡುವ ನೀರುಗಂಟಿಯ ಫೋನು. "ಸಾರ್, ಚರಂಡಿ ತೋಡ್ತಿದ್ದ ಜೆಸಿಬಿ ಕುಡಿಯೋ ನೀರಿನ ಪೈಪು ಒಡೆದಾಕ್ಬಿಡ್ತು. ಚರಂಡಿ ನೀರು ಒಳಕ್ಕೆ ಸೇರ್ಕೊಂಡೈತೆ. ವಾಲ್ವ್ ಬಂದ್ ಮಾಡಿದೀನಿ, ಆದ್ರೆ ಆ ಬೀದಿಗೆ ಆಗ್ಲೇ ನೀರು ಹೋಗ್ಬಿಟ್ಟೈತೆ."

ಆ ಬೀದಿಯಲ್ಲಿ ಹಸುಗೂಸುಗಳಿದ್ದವು, ಮುದುಕರಿದ್ದರು. ವಾಂತಿಭೇದಿ ಶುರುವಾದರೆ ಆಸ್ಪತ್ರೆಯಲ್ಲಿ ಇರುವ ಮಂಚ ಸಾಲುವುದಿಲ್ಲ. ಕಸದ ಆಟೋ ಹತ್ತಿ, ಮೈಕ್ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಕಿರುಚಿದೆ. "ಯಾರೂ ನಲ್ಲಿ ನೀರು ಕುಡೀಬೇಡಿ! ಹಿಡಿದಿದ್ದನ್ನ ಚೆಲ್ಲಿಬಿಡಿ! ಟ್ಯಾಂಕರ್ ಬರ್ತಾ ಇದೆ!"

ಜನ ಬಾಗಿಲಿಗೆ ಬಂದು ನಿಂತರು. ಯಾರೂ ಒಂದು ಹನಿ ಚೆಲ್ಲಲಿಲ್ಲ. ಕಷ್ಟಪಟ್ಟು ಹಿಡಿದ ನೀರು.

ಕೂಗಿ ಕೂಗಿ ಗಂಟಲು ಕಟ್ಟಿತು. ನನ್ನ ಪಾಡು ನೋಡಿ ಒಬ್ಬ ತಾಯಿ ಮರುಗಿ ಒಂದು ಚೊಂಬು ನೀರು ತಂದುಕೊಟ್ಟರು. ಗಟಗಟ ಕುಡಿದುಬಿಟ್ಟೆ. ಚೊಂಬು ವಾಪಸ್ ಕೊಡುವಾಗ ಅನುಮಾನ ಬಂತು.

"ಇದು ಯಾವ ನೀರಮ್ಮಾ?"

"ಈಗ ಬಂತಲ್ಲ ಸಾರ್, ನಲ್ಲೀದು. ತಣ್ಣಗೈತೆ ಅಲ್ವಾ?"

ಹಿಂದಿನಿಂದ ಯಾರೋ, "ಇನ್ಸ್‌ಪೆಕ್ಟ್ರೇ ಕುಡುದ್ರಲ್ಲ, ಏನೂ ಆಗಕಿಲ್ಲ ಬಿಡ್ರಪ್ಪ" ಅಂದರು. ಒಬ್ಬ ಲೋಟ ಬಾಯಿಗೆತ್ತಿದ.

"ಬೇಡಾ! ನಾನು ಗೊತ್ತಿಲ್ದೆ ಕುಡ್ದಿದ್ದು!" ಎಂದು ಮೈಕಿಲ್ಲದೆಯೇ ಅರಚಿದೆ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು. "ಹಂಗಾರೆ ನಿಮಗೀಗ ಏನಾಯ್ತದೆ?"

"ವಾಂತಿ, ಭೇದಿ..."

"ಎಷ್ಟೊತ್ಗೆ?"

"ಸಂಜೆಗೆ ಶುರು ಆಗ್ಬೋದು."

ಹಿರಿಯರು ತೀರ್ಪು ಕೊಟ್ಟರು. "ಸಂಜೆಗಂಟ ಯಾರೂ ಕುಡೀಬ್ಯಾಡ್ರಿ. ಇವ್ರಿಗೇನಾಯ್ತದೋ ನೋಡಾನ."

ಮೈಕಿನಿಂದ ಆಗದಿದ್ದ ಕೆಲಸ ಆ ಒಂದು ಮಾತಿನಿಂದ ಆಯಿತು. ಕೊಡ, ಬಿಂದಿಗೆಗಳಿಗೆಲ್ಲ ತಟ್ಟೆ ಮುಚ್ಚಿದರು. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಡಾಕ್ಟರಿಗೆ ಫೋನ್ ಮಾಡಿದರೆ, "ಮಾತ್ರೆ ಕಳಿಸ್ತೀನಿ. ಓಆರ್‌ಎಸ್ ಕುಡೀತಾ ಇರಿ" ಅಂದರು. ಟ್ಯಾಂಕರ್ ಬಂತು. ಪೈಪು ರಿಪೇರಿ ಮಾಡಿಸುತ್ತಾ, ಅದೇ ಟ್ಯಾಂಕರ್ ನೀರಿಗೆ ಪುಡಿ ಕಲಸಿ ಲೋಟದ ಮೇಲೆ ಲೋಟ ಕುಡಿಯುತ್ತಾ ಕೂತೆ.

ಹೋಗುವವರು ಬರುವವರೆಲ್ಲ ನನ್ನ ಮುಖ ನೋಡುತ್ತಿದ್ದರು. "ಇನ್ನೂ ಏನೂ ಆಗಿಲ್ವಾ ಸಾರ್?" ಇಲ್ಲವೆಂದರೆ ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ನಾನು ಕೆಮ್ಮಿದರೆ ನಾಲ್ಕು ಕಿಟಕಿ ತೆರೆಯುತ್ತಿದ್ದವು. ಹೊಟ್ಟೆಯೊಳಗೆ ಗುಡುಗುಡು ಅಂದರೆ ಅದು ಹೆದರಿಕೆಗೋ ಚರಂಡಿ ನೀರಿಗೋ ನನಗೇ ತಿಳಿಯುತ್ತಿರಲಿಲ್ಲ.

ಹೊತ್ತು ಇಳಿಯಿತು. "ಏನೂ ಆಗ್ಲಿಲ್ಲ, ಇನ್ನು ಕುಡಿಯಾನ" ಎಂದು ಗುಸುಗುಸು ಶುರುವಾಯಿತು. ಇನ್ನು ಹೇಳಿದರೂ ನಂಬುವವರಿಲ್ಲ. ಅಷ್ಟರಲ್ಲಿ ತಡೆಯಲಾಗದೆ ಕುರ್ಚಿಯಿಂದ ಎದ್ದು, "ಅಮ್ಮಾ, ನಿಮ್ಮನೆ ಕಕ್ಕಸು ಎಲ್ಲಿ?" ಎಂದು ಚೊಂಬು ಕೊಟ್ಟ ತಾಯಿಯನ್ನು ಕೇಳಿ ಒಳಗೆ ಓಡಿದೆ.

ಬಾಗಿಲು ಹಾಕಿಕೊಂಡೆ. ಹೊರಗೆ ಹಿರಿಯರ ದನಿ ಕೇಳಿಸಿತು. "ಶುರುವಾಯ್ತು ಕಣ್ರೋ!" ಅದರ ಹಿಂದೆಯೇ ಬೀದಿ ತುಂಬ ದಬದಬ, ಝರ್ರೋ ಎಂದು ಸದ್ದು. ಹೊರಗೆ ಬಂದು ನೋಡುತ್ತೇನೆ, ಕೊಡ, ಬಿಂದಿಗೆ, ಬಕೆಟ್ಟು ಎಲ್ಲಾ ಬೋರಲು. ಚರಂಡಿ ಹೊಳೆಯಂತೆ ಹರಿಯುತ್ತಿದೆ.

ಆ ಬೀದಿಯಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ. ಮಾತ್ರೆಯ ಪುಣ್ಯವೋ ಏನೋ, ನನಗೂ ಬರಲಿಲ್ಲ. ಇವತ್ತಿಗೂ ಅಲ್ಲಿಗೆ ಹೋದರೆ, "ನಮಗೋಸ್ಕರ ಎಷ್ಟು ಕಷ್ಟಪಟ್ರಿ ಸಾರ್" ಅಂತ ಕೂರಿಸಿ ಕಾಫಿ ಕೊಡುತ್ತಾರೆ.

ಅವತ್ತು ನಾನು ಒಳಗೆ ಹೋಗಿದ್ದು ಒಂದಕ್ಕೆ ಅಂತ ಇನ್ನೂ ಯಾರಿಗೂ ಹೇಳಿಲ್ಲ.