ರೈಲು ನಿಲ್ದಾಣದ ಒಂಟೆ

ಮನೆಯಲ್ಲಿ ಕಣ್ಣು ಕಾಣದವರು ಮಾವನವರೊಬ್ಬರೇ. ಆದರೆ ‘ಕಣ್ಣಿದ್ದೂ ಏನೂ ಕಾಣದವರು’ ಎಂಬ ಬಿರುದು ಅಳಿಯನ ಪಾಲಿಗೆ ಬಂದಿತ್ತು. ಕೊಟ್ಟವಳು ಕಟ್ಟಿಕೊಂಡವಳು. (ಬಿರುದು ಕೊಡುವುದರಲ್ಲಿ ಅವಳದು ಧಾರಾಳ ಕೈ.)

ಬಿರುದು ಅಳಿಯನಿಗೆ ಚುಚ್ಚುತ್ತಿದ್ದುದಕ್ಕೆ ಕಾರಣವಿತ್ತು. ಕಾಣದವರಿಗೆ ಕಾಣಿಸುವುದೇ ಆ ಮಹಾಶಯನ ಹೊಟ್ಟೆಪಾಡು. ವಿಡಿಯೊ ಪ್ಲೇಯರ್ ತಯಾರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು ಯಾರ ಹಂಗೂ ಇಲ್ಲದೆ ತಾವೇ ಸಿನಿಮಾ ಹಾಕಿಕೊಂಡು ನೋಡುವಂತೆ ಪ್ಲೇಯರಿನ ಗುಂಡಿ, ಅಕ್ಷರ, ದನಿಗಳನ್ನೆಲ್ಲ ಹೊಂದಿಸಬೇಕು. ಪರದೆಯ ಮೇಲೆ ನಡೆಯುವುದನ್ನು ಮಾತುಗಳ ಸಂದಿಯಲ್ಲಿ ಬಾಯಲ್ಲಿ ವಿವರಿಸುವ ದನಿಯನ್ನೂ ಸೇರಿಸಬೇಕು. ಅದಕ್ಕೆ ಅವನದೊಂದು ಅಖಂಡ ನಿಯಮ: ಕಂಡದ್ದನ್ನು ಹೇಳು, ಕಾಣದ್ದನ್ನು ಸೇರಿಸಬೇಡ, ನಿನ್ನ ಅಭಿಪ್ರಾಯ ಯಾರಿಗೂ ಬೇಡ. ಆಫೀಸಿನಲ್ಲಿ ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕಾಫಿ ಯಂತ್ರದ ಎದುರು ನಿಂತವರು ಅವನನ್ನು ಕಂಡೊಡನೆ ತಾವೇ ಒಪ್ಪಿಸಿಬಿಡುತ್ತಿದ್ದರು.

ಮಾವನವರಿಗೆ ದೃಷ್ಟಿ ಹೋದದ್ದು ಮಗಳು ಹೈಸ್ಕೂಲಿನಲ್ಲಿದ್ದಾಗ. ಅಲ್ಲಿಯವರೆಗೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಕಣ್ಣು ಹೋದರೂ ವೃತ್ತಿ ಹೋಗಿರಲಿಲ್ಲ. ತಪ್ಪನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. ಅವರಿಗೆ ಒಬ್ಬ ಜೀವದ ಗೆಳೆಯ. ಗಡಿಯಾರ ರಿಪೇರಿಯ ಕಸುಬಿನವರಾದ್ದರಿಂದ ಮನೆಮಂದಿಗೆಲ್ಲ ಅವರು ಮುಳ್ಳಪ್ಪ. ದಿನಾ ಸಂಜೆ ಅಂಗಡಿಯ ಬಾಗಿಲೆಳೆದು ನೇರ ಇಲ್ಲಿಗೆ ಬರುವರು, ಮಾವನ ಪಕ್ಕದಲ್ಲಿ ಕೂತು ಟೀವಿಯಲ್ಲಿ ಬಂದ ಸಿನಿಮಾವನ್ನೆಲ್ಲ ಕಿವಿಯಲ್ಲಿ ಹೇಳುವರು. ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಈ ವರ್ಷದ ಆರಂಭದಲ್ಲಿ ಒಂದು ದಿನ ಮುಳ್ಳಪ್ಪ ಬರಲಿಲ್ಲ. ಆಸ್ಪತ್ರೆಯಿಂದ ಫೋನು ಬಂತು. ಆಮೇಲೆ ಅವರು ಬರಲೇ ಇಲ್ಲ. ಅದರ ಬಗ್ಗೆ ಇಷ್ಟು ಸಾಕು. ಹೆಚ್ಚು ಬರೆದರೂ ಅವರೇನೂ ಬರುವುದಿಲ್ಲ.

ಮಾವ ಸಂಜೆ ಹೊತ್ತು ಆರಿದ ಟೀವಿಯ ಮುಂದೆ ಸುಮ್ಮನೆ ಕೂರತೊಡಗಿದರು. ಮಗಳಿಗೆ ನೋಡಲಾಗಲಿಲ್ಲ.

“ರೀ, ನೀವು ಹೇಳಿ ಅಪ್ಪಂಗೆ ಸಿನಿಮಾ. ಅದೇ ತಾನೆ ನಿಮ್ಮ ಕೆಲಸ?”

ಅಳಿಯ ಕೂತ. ಗಂಟಲು ಸರಿಮಾಡಿಕೊಂಡ.

“ಒಬ್ಬ ಗಂಡಸು. ಒಂದು ಕುರ್ಚಿ. ಗಂಡಸು ಕುರ್ಚಿಯಿಂದ ಏಳುತ್ತಾನೆ.”

“ಯಾಕೆ ಏಳ್ತಾನೆ ಅಳಿಯಂದ್ರೇ?”

“ಅದು ಪರದೆ ಮೇಲೆ ಕಾಣಲ್ಲ ಮಾವ.”

“ಹೋಗ್ಲಿ, ಮುಖ ಹೇಗಿದೆ?”

“ಮುಖ... ಇದೆ.”

ಮಾವ ನಿಟ್ಟುಸಿರು ಬಿಟ್ಟರು. “ಟೀವಿ ಆರಿಸಿಬಿಡಿ. ಅದಕ್ಕೂ ಸುಸ್ತಾಗಿರುತ್ತೆ.”

ಹೀಗೆ ಒಂದು ವಾರ ನಡೆಯುವಷ್ಟರಲ್ಲಿ ಅಳಿಯನಿಗೆ ಭವ್ಯವಾದೊಂದು ಉಪಾಯ ಹೊಳೆಯಿತು. ಆಫೀಸಿನಲ್ಲಿ ಹೊಸ ಪ್ಲೇಯರ್ ತಯಾರಾಗುತ್ತಿತ್ತು. ಅದನ್ನು ಮನೆಗೆ ತರುವುದು, ಮಾವನಿಂದಲೇ ಪರೀಕ್ಷೆ ಮಾಡಿಸುವುದು. ಮಾವನಿಗೆ ಸಿನಿಮಾ ಸಿಗುತ್ತದೆ, ಕಂಪನಿಗೆ ಪರೀಕ್ಷಕರು ಸಿಗುತ್ತಾರೆ, ತನಗೆ ಸಂಜೆಗಳು ವಾಪಸು ಸಿಗುತ್ತವೆ. (ಕೊನೆಯ ಲಾಭವನ್ನು ಅವನು ಹೆಂಡತಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಅವಳಿಗೆ ಗೊತ್ತಿತ್ತು.)

ಮೊದಲ ದಿನ ಮಾವ ಕೀಲಿಮಣೆಯ ಮೇಲೆ ಬೆರಳಿಟ್ಟರು. ಯಂತ್ರದ ದನಿ ಉಲಿಯಿತು: “ಬಟನ್. ಬಟನ್. ಬಟನ್. ಬಟನ್.”

“ಏನ್ರೀ ಇದು, ಸಿನಿಮಾನೋ ದರ್ಜಿ ಅಂಗಡೀನೋ?”

ಅಳಿಯ ನಾಲಿಗೆ ಕಚ್ಚಿಕೊಂಡ. ಕಣ್ಣಿದ್ದವರಿಗೆ ಗುಂಡಿಯ ಮೇಲಿನ ಚಿತ್ರ ಕಾಣುತ್ತದೆ. ಓದಿ ಹೇಳುವ ದನಿಗೆ ಹೆಸರು ಬೇಕು. ಹೆಸರಿಡುವುದೇ ಮರೆತುಹೋಗಿತ್ತು. ಇಟ್ಟ. ಮರುದಿನ ಮಾವ ದನಿ ಹೆಚ್ಚಿಸುವ ಕಡೆಗೆ ಹೋದವರು ಯಾವ ಕೀಲಿ ಒತ್ತಿದರೂ ಅಲ್ಲಿಂದ ಹೊರಗೆ ಬರಲಾಗದೆ ಸಿಕ್ಕಿಬಿದ್ದರು.

“ಒಳಗೆ ಬಂದಾಯ್ತು, ಹೊರಗೆ ಹೋಗೋಕೆ ದಾರೀನೇ ಇಲ್ಲ. ಮದುವೆ ಆದೋರೇ ಮಾಡಿರ್ಬೇಕು ಇದನ್ನ.”

“ಅಪ್ಪಾ!” ಅಂದಳು ಮಗಳು.

“ನಿನ್ನ ಗಂಡನ್ನ ಅಂದಿಲ್ಲಮ್ಮ, ಪ್ಲೇಯರನ್ನ ಅಂದೆ.”

ಅದನ್ನೂ ಸರಿಮಾಡಿದ್ದಾಯಿತು. ಮೂರನೆಯದು ಸದ್ದಡಗಿಸುವ ಗುಂಡಿ. ಒತ್ತಿದರೆ ಸಿನಿಮಾದ ಜೊತೆಗೆ ಗುಂಡಿಗಳ ಹೆಸರು ಹೇಳುವ ದನಿಯೂ ಬಾಯಿ ಮುಚ್ಚಿಕೊಂಡಿತು. ಸದ್ದು ಮರಳಿ ತರುವ ಗುಂಡಿ ಎಲ್ಲಿದೆಯೆಂದು ಹೇಳುವವರೇ ಇಲ್ಲ. ಮಾವ ಈ ಮೌನದಲ್ಲಿ ಸ್ವಲ್ಪ ಹೊತ್ತು ಕೂತು, “ಅಳಿಯಂದ್ರೇ, ನಿಮ್ಮ ವಿವರಣೆಗಿಂತ ಇದು ಎಷ್ಟೋ ವಾಸಿ” ಅಂದರು. ಅಂತೂ ತಿಂಗಳು ಕಳೆಯುವಷ್ಟರಲ್ಲಿ ಮಾವ ಆ ಪ್ಲೇಯರನ್ನು ಒಂದೇ ಬೆರಳಿನಲ್ಲಿ ಕುಣಿಸತೊಡಗಿದರು. ಆಫೀಸಿನ ಮುಖ್ಯಸ್ಥೆಗೆ ಪರಮ ಸಂತೋಷ. ಪ್ಲೇಯರಿನ ಬಿಡುಗಡೆಗೆ ವಿವರಣೆಯ ದನಿ ಇರುವ ಒಂದು ಹಳೇ ಚಿತ್ರ ಬೇಕಿತ್ತು. “ನಿಮ್ಮ ಮಾವನಿಗೆ ಯಾವುದು ಇಷ್ಟವೋ ಅದೇ ಆಗಲಿ” ಅಂದರು.

ಮಾವ ಯೋಚಿಸಲೇ ಇಲ್ಲ. ಅವರೂ ಮುಳ್ಳಪ್ಪನೂ ಸವೆಯುವಷ್ಟು ನೋಡಿದ ಕಪ್ಪುಬಿಳುಪಿನ ಚಿತ್ರವೊಂದಿತ್ತು. ಕೊನೆಯಲ್ಲಿ ನಾಯಕಿಯನ್ನು ನಿಲ್ದಾಣದಲ್ಲೇ ಬಿಟ್ಟು ರೈಲು ಹೊರಟುಹೋಗುತ್ತದೆ. ಅಳಿಯ ತಾನೇ ವಿವರಣೆ ಬರೆದ, ತಾನೇ ಓದಿ ಧ್ವನಿಮುದ್ರಿಸಿದ, ಮನೆಗೆ ತಂದು ಹಾಕಿದ. ಮುಳ್ಳಪ್ಪ ಹೋದಮೇಲೆ ಮಾವ ಒಂದು ಚಿತ್ರವನ್ನು ಕೊನೆಯ ದೃಶ್ಯದವರೆಗೂ ನೋಡಿದ್ದು ಅದೇ ಮೊದಲು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅಳಿಯನ ಧ್ವನಿಮುದ್ರಿತ ಕಂಠ ಹೇಳಿತು: “ನಾಯಕಿ ಬೆಂಚಿನ ಮೇಲೆ ಕೂರುತ್ತಾಳೆ. ರೈಲು ಚಲಿಸುತ್ತದೆ.”

ಮಾವ ಟಕ್ಕನೆ ನಿಲ್ಲಿಸಿದರು. “ಒಂಟೆ ಎಲ್ಲಿ?”

“ಯಾವ ಒಂಟೆ ಮಾವ?”

“ಅವಳ ಹಿಂದೆ ನಿಂತಿರೋ ಒಂಟೆ. ಮೆಲುಕು ಹಾಕ್ತಾ ಇರುತ್ತಲ್ಲ, ಅದು.”

“ನಿಲ್ದಾಣದಲ್ಲಿ ಒಂಟೆ ಯಾಕಿರುತ್ತೆ ಮಾವ?”

“ಅದನ್ನ ಒಂಟೇನ ಕೇಳಿ. ಮುಳ್ಳಪ್ಪ ಪ್ರತಿ ಸಲ ಹೇಳ್ತಿದ್ದ. ಅಷ್ಟು ದೊಡ್ಡ ಪ್ರಾಣಿ ಬಿಟ್ಟವರು ಇನ್ನೇನೇನು ಬಿಟ್ಟಿದ್ದೀರೋ!” ಮಾವ ಎದ್ದುಬಿಟ್ಟರು. “ಒಂಟೆ ಬರೋವರೆಗೂ ನನಗೆ ಸಿನಿಮಾ ಬೇಡ.”

ಮಾತಿನಂತೆ ನಡೆದರು. ಮರುದಿನದಿಂದ ಮತ್ತೆ ಆರಿದ ಟೀವಿ, ಮತ್ತೆ ಮೌನ. ಅಷ್ಟೇ ಅಲ್ಲ, ಮುಖ್ಯಸ್ಥೆಗೆ ಫೋನು ಮಾಡಿ ಅಧಿಕೃತವಾಗಿ ದೂರನ್ನೂ ಕೊಟ್ಟರು. ಆಫೀಸಿನಲ್ಲಿ ಹಾಹಾಕಾರ. ಇಂಜಿನಿಯರುಗಳು ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ಹಿಗ್ಗಿಸಿ ಒಂಟೆ ಹುಡುಕಿದರು. “ಸಿಕ್ತು!” ಎಂದು ಒಬ್ಬ ಕೂಗಿದ. ಎಲ್ಲರೂ ಓಡಿದರು. ಅದು ಟ್ರಂಕುಗಳ ರಾಶಿ, ಮೇಲೊಂದು ಹೊದಿಕೆ.

“ಕಣ್ಣು ಕಾಣದವರಿಗೆ ಕಂಡ ಒಂಟೆ ಕಣ್ಣಿರೋ ನಿಮಗೆ ಕಾಣ್ತಿಲ್ವಾ?” ಅಂದರು ಮುಖ್ಯಸ್ಥೆ. ಮನೆಯ ಬಿರುದು ಆಫೀಸಿಗೂ ಬಂದು ತಲುಪಿದ್ದು ಹೀಗೆ.

ಸಂಜೆ ಅಳಿಯ ಅಡುಗೆಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತ. ಹೆಂಡತಿ ದನಿ ತಗ್ಗಿಸಿದಳು.

“ಒಂಟೇನೂ ಇಲ್ಲ, ಗಿಂಟೇನೂ ಇಲ್ಲ ಕಣ್ರೀ. ಅದು ಮುಳ್ಳಪ್ಪ ಮಾಮ ಸೇರಿಸಿದ್ದು. ನಾನು ಅಲ್ಲೇ ಓದ್ಕೋತಾ ಕೂತಿರ್ತಿದ್ನಲ್ಲ, ಒಂದ್ಸಲ ತಲೆಯೆತ್ತಿ ನೋಡ್ದೆ. ಮಾಮ ನನ್ನ ಕಡೆ ನೋಡಿ ತುಟಿ ಮೇಲೆ ಬೆರಳಿಟ್ರು.”

“ಅಂದ್ರೆ ಇಷ್ಟು ವರ್ಷ ಸುಳ್ಳು ಹೇಳಿದ್ರಾ? ಈಗಲೇ ಹೋಗಿ ಮಾವನಿಗೆ ಹೇಳಿಬಿಡ್ತೀನಿ.”

“ಹೇಳಿ. ಸತ್ತ ಗೆಳೆಯ ಇಷ್ಟು ವರ್ಷ ನಿಮಗೆ ಟೋಪಿ ಹಾಕಿದ ಅಂತ ಹೇಳಿ. ಆಮೇಲೆ ಅಪ್ಪ ಊಟ ಬಿಟ್ರೆ ನೀವೇ ಕೂತು ತಿನ್ನಿಸಿ.”

“ಮತ್ತೇನು ಮಾಡ್ಲಿ? ಇಲ್ಲದ ಒಂಟೇನ ನಾನು ತರ್ಲಾ?”

ಹೆಂಡತಿ ಅವನನ್ನೇ ನೋಡಿದಳು. ಮಾತಾಡದೆ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಜೀವಮಾನದಲ್ಲಿ ಒಂದು ವಿಶೇಷಣವನ್ನೂ ಎಗ್ಗಿಲ್ಲದೆ ಬಳಸದಿದ್ದ ಆ ಸತ್ಯಸಂಧ ಬಟ್ಟೆಯ ಬೀರುವಿನೊಳಗೆ ಹೊಕ್ಕ. (ಕೋಟುಗಳ ನಡುವೆ ದನಿ ಚೆನ್ನಾಗಿ ಮುದ್ರಣವಾಗುತ್ತದೆ. ಜೊತೆಗೆ ನಾಚಿಕೆಯೂ ಹೊರಗೆ ಕಾಣುವುದಿಲ್ಲ.) ಟವೆಲು ತೆಗೆಯಲು ಹೆಂಡತಿ ಬಾಗಿಲು ತೆರೆದಾಗ ಅವನು ಫೋನನ್ನು ಬಾಯಿಗಿಟ್ಟುಕೊಂಡು ಬೆವರುತ್ತಿದ್ದ.

“ಬಂತಾ ಒಂಟೆ?”

“ಬಾಗಿಲು ಹಾಕೇ!”

ಹೀಗೆ ಎರಡು ಕಡತಗಳಾದವು. ‘ಕೊನೆಯದು’ ಎಂಬುದರಲ್ಲಿ ಒಂಟೆಯಿಲ್ಲ, ಅದು ಆಫೀಸಿಗೆ. ‘ನಿಜವಾಗಿ ಕೊನೆಯದು’ ಎಂಬುದರಲ್ಲಿ ಒಂಟೆಯಿದೆ, ಅದು ಮನೆಗೆ. ಬಿಡುಗಡೆಯ ಸಮಾರಂಭಕ್ಕೆ ಮಾವ ಬರುವುದಿಲ್ಲ ಎಂದು ಅಳಿಯ ಮುಖ್ಯಸ್ಥೆಗೆ ಹೇಳಿಟ್ಟ. ಅವರು ಸಂಜೆ ಮನೆಯಲ್ಲೇ ನೋಡಲಿ, ಒಂಟೆಯನ್ನು ಕಂಡು ಸಮಾಧಾನಪಡಲಿ, ಎಲ್ಲ ಸುಸೂತ್ರ.

ಸಮಾರಂಭ ಶುರುವಾಗುವ ಹೊತ್ತಿಗೆ ನೋಡುತ್ತಾನೆ, ಮೊದಲ ಸಾಲಿನಲ್ಲಿ ಮಾವ! ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಮಗಳು. ಪ್ರಧಾನ ಪರೀಕ್ಷಕರಿಲ್ಲದೆ ಹೇಗೆಂದು ಮುಖ್ಯಸ್ಥೆ ತಮ್ಮ ಕಾರನ್ನೇ ಕಳಿಸಿದ್ದರು. ಒಂಟೆ ಬರದಿದ್ದರೆ ಮಾವ ಸಭೆಯಲ್ಲೇ ಎದ್ದುನಿಂತು ಕೇಳುತ್ತಾರೆ. ದೀಪ ಆರಿತು. ಕಣ್ಣು ಕಾಣುವವರು, ಕಾಣದವರು, ಎಲ್ಲರಿಂದ ಸಭಾಂಗಣ ತುಂಬಿತ್ತು. ನಿಲ್ದಾಣ ಬಂತು. ನಾಯಕಿ ಬೆಂಚಿನ ಮೇಲೆ ಕೂತಳು. ಅಳಿಯ ಕಣ್ಣು ಮುಚ್ಚಿಕೊಂಡ.

ದೊಡ್ಡ ಸ್ಪೀಕರುಗಳಲ್ಲಿ ಅವನದೇ ಕಂಠ ಮೊಳಗಿತು: “ನಾಯಕಿಯ ಹಿಂದೆ ಒಂದು ಒಂಟೆ. ನಿಂತಿದೆ. ಮೆಲುಕು ಹಾಕುತ್ತದೆ.”

ಕಳಿಸುವಾಗ ‘ನಿಜವಾಗಿ ಕೊನೆಯದು’ ಎಂಬ ಹೆಸರು ನೋಡಿ ಅದೇ ನಿಜವಾಗಿ ಕೊನೆಯದೆಂದು ಅವನೇ ಕಳಿಸಿದ್ದ. ಕಣ್ಣಿದ್ದವರೆಲ್ಲ ಪರದೆಯತ್ತ ಬಾಗಿದರು. ಒಬ್ಬರು ಕನ್ನಡಕ ಒರೆಸಿಕೊಂಡರು. ಕಾಣದವರ ಸಾಲಿನಿಂದ ಕಿಸಕ್ಕನೆ ನಗು ಎದ್ದಿತು. ಆಗ ಮಾವ ಎದ್ದುನಿಂತರು.

“ಕ್ಷಮಿಸಿ,” ಅಂದರು, ಕರಡಿನಲ್ಲಿ ತಪ್ಪು ಸಿಕ್ಕಿದ ಖುಷಿಯಲ್ಲಿ, “ಈ ಚಿತ್ರದಲ್ಲಿ ಒಂಟೆ ಇಲ್ಲ.”

ಮುಖ್ಯಸ್ಥೆ ಎದ್ದು ಅವರ ಬಳಿ ಬಂದರು. “ಸಾರ್, ದೂರು ಕೊಟ್ಟವರೇ ನೀವಲ್ವಾ?”

“ಕೊಟ್ಟೆ. ಆದ್ರೆ ನಮ್ಮ ಅಳಿಯಂದ್ರು ನಿಯಮದವರು. ಇಲ್ಲದ್ದನ್ನ ಸೇರಿಸ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ!”

ಆಮೇಲಿನ ನಗುವಿನ ವರ್ಣನೆಯನ್ನು ಅಳಿಯನ ಮೇಲಿನ ಕರುಣೆಯಿಂದ ಇಲ್ಲಿ ಬಿಟ್ಟಿದೆ.

ಮರಳುವ ದಾರಿಯಲ್ಲಿ ಕಾರಿನೊಳಗೆ ಮಗಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅಳಿಯ ಕೊನೆಗೂ ಕೇಳಿದ: “ಒಂಟೆ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾವ?”

“ನೋಡಿದ್ದೀನಲ್ಲ! ಆ ಚಿತ್ರ ಬಂದಾಗ ನನಗೆ ಎರಡು ಕಣ್ಣೂ ಚೆನ್ನಾಗಿದ್ವು. ನಾನೂ ಮುಳ್ಳಪ್ಪನೂ ಥಿಯೇಟರಲ್ಲಿ ಒಟ್ಟಿಗೇ ನೋಡಿದ್ದು. ನಿಮ್ಮ ಆಫೀಸಲ್ಲಿ ಒಬ್ಬರಿಗಾದ್ರೂ ಅದನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?”

ಯಾರಿಗೂ ಅನ್ನಿಸಿರಲಿಲ್ಲ. ಅಳಿಯ ಕಿಟಕಿಯಾಚೆ ನೋಡಿದ.

“ಕಣ್ಣು ಹೋದ ವರ್ಷ ಮುಳ್ಳಪ್ಪ ಅದೇ ಚಿತ್ರ ಹಾಕ್ದ,” ಅಂದರು ಮಾವ, ನಿಧಾನವಾಗಿ. “ಅವಳು ಬೆಂಚಿನ ಮೇಲೆ ಕೂರೋ ಹೊತ್ತಿಗೆ ನನಗೆ ತಡೆಯೋಕೆ ಆಗ್ಲಿಲ್ಲ. ಆ ಮುಖ ನೆನಪಿತ್ತು, ಕಾಣ್ತಿರ್ಲಿಲ್ಲ ನೋಡಿ. ಅತ್ತುಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳ ಹಿಂದೆ ಒಂದು ಒಂಟೆ ಬಂತು ಕಣಯ್ಯಾ’ ಅಂದ. ಸುಳ್ಳು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತು ಅಂತ ಅವನಿಗೂ ಗೊತ್ತಿತ್ತು. ಆಮೇಲೆ ಪ್ರತಿ ಸಲಾನೂ ಬರ್ತಿತ್ತು, ತಪ್ಪಿಸ್ಲಿಲ್ಲ.”

ಸಿಗ್ನಲಿನಲ್ಲಿ ಕಾರು ನಿಂತಿತು.

“ಮತ್ತೆ ನನ್ನ ಒಂಟೆ?” ಅಂದ ಅಳಿಯ, ತಡೆಯಲಾರದೆ. “ಹೇಗಿತ್ತು?”

“ಒಂಟೇನಾ ಅದು? ‘ಒಂದು ಒಂಟೆ. ನಿಂತಿದೆ.’ ಪೋಸ್ಟ್ ಆಫೀಸ್ ನಿಂತ ಹಾಗೆ!”

ಮರುದಿನ ಮುಖ್ಯಸ್ಥೆ ಕರೆಸಿದರು. ಕೆಲಸ ಹೋಯಿತೆಂದುಕೊಂಡೇ ಅಳಿಯ ಹೋದ. ಹೋಗಿರಲಿಲ್ಲ, ಹೆಚ್ಚಾಗಿತ್ತು. ಸಭೆಗೆ ಬಂದಿದ್ದ ಕಾಣದವರ ಸಂಘದವರು ನಿಜವಾದ ವಿವರಣೆಯಂತೂ ಇರಲೇಬೇಕು, ಅದರ ಜೊತೆಗೆ ಬೇಕಾದವರು ಆರಿಸಿಕೊಳ್ಳಲು ಇನ್ನೊಂದೂ ಇರಲಿ ಎಂದು ಬರೆದಿದ್ದರಂತೆ. ಹಾಗಾಗಿ ಪ್ಲೇಯರಿನ ಪಟ್ಟಿಯಲ್ಲಿ ಈಗ ಎರಡು ಆಯ್ಕೆ: ‘ವಿವರಣೆ’ ಮತ್ತು ‘ವಿವರಣೆ, ಒಂಟೆ ಸಹಿತ’. ಎರಡಕ್ಕೂ ಅಳಿಯನದೇ ಕಂಠ.

ಸಂಜೆ ಅವನು ಮನೆಯಲ್ಲಿ ಹೊಸ ಚಿತ್ರವೊಂದನ್ನು ಹಾಕಿಕೊಟ್ಟ. ವಿವರಣೆ ಅಚ್ಚುಕಟ್ಟಾಗಿತ್ತು. ಇನ್ನು ತನಗೆ ಬಿಡುವೆಂದು ಮೆಲ್ಲನೆ ಎದ್ದ. ಮಾವ ಕೀಲಿಮಣೆಯ ಮೇಲೆ ಬೆರಳಾಡಿಸಿದರು. ಒಂದೇ ಒತ್ತು, ವಿವರಣೆ ಬಾಯಿ ಮುಚ್ಚಿತು. ಯಾರ ಸಹಾಯವೂ ಬೇಕಾಗಲಿಲ್ಲ. ಅಷ್ಟು ಸುಲಭವಾಗಿ ಮಾಡಿಟ್ಟಿದ್ದ, ಪುಣ್ಯಾತ್ಮ.

“ಎಲ್ಲಿಗೆ ಹೊರಟೆ? ಕೂತ್ಕೋ. ಏನು ನಡೀತಿದೆ?”

ಅಳಿಯ ಕೂತ. ಪರದೆಯ ಮೇಲೆ ವಕೀಲನೊಬ್ಬ ಕೋಟು ಹಾಕಿಕೊಳ್ಳುತ್ತಿದ್ದ. ಅಷ್ಟೇ.

“ವಕೀಲ. ಕೋಟು ಹಾಕ್ಕೋತಿದ್ದಾನೆ,” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. “ಕೋಟಿನ ಜೇಬಿಂದ... ಒಂದು ಬಾಲ ಹೊರಗೆ ಬಂದಿದೆ.”

“ಸುಳ್ಳ,” ಅಂದರು ಮಾವ, ಸೋಫಾಕ್ಕೆ ಆರಾಮಾಗಿ ಒರಗಿಕೊಳ್ಳುತ್ತಾ. “ಹ್ಞೂಂ, ಮುಂದೆ?”