ಅತ್ತೆಯ ಆರು ಕೋಲು, ಒಂದು ಕುದುರೆ

ನಮ್ಮ ಅತ್ತೆಗೆ ಭವಿಷ್ಯ ಗೊತ್ತು. ತೊಂದರೆ ಏನೆಂದರೆ, ಅತ್ತೆ ಏನು ಹೇಳಿದ್ದಾಳೆಂಬುದು ಭವಿಷ್ಯಕ್ಕೆ ಗೊತ್ತಿರುವುದಿಲ್ಲ! ಹೀಗಾಗಿ ಅವರಿಬ್ಬರ ನಡುವೆ ಆಗಾಗ ಸಣ್ಣಪುಟ್ಟ ಭಿನ್ನಾಭಿಪ್ರಾಯ ಬರುತ್ತದೆ. ಬಂದಾಗ, ತಪ್ಪು ಭವಿಷ್ಯದ್ದೇ ಎಂದು ಮುಖದ ಮೇಲೆ ಹೇಳುವ ಧೈರ್ಯ ಇಡೀ ತಿಕೋಟಾದಲ್ಲಿ ಅವಳೊಬ್ಬಳಿಗೇ ಇದೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅರವತ್ತು ದಾಟಿದೆ. ತಿಕೋಟಾದ ಹೊರಗೆ ದ್ರಾಕ್ಷಿ ತೋಟ, ತೋಟದಲ್ಲಿ ಮನೆ, ಮನೆಯಲ್ಲಿ ಅವಳ ದನಿ. ಆ ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ತನ್ನ ಆಳುಗಳನ್ನು ಊಟಕ್ಕೆ ಕರೆದರೆ ಸುತ್ತಲಿನ ಹೊಲದವರೂ ಕೆಲಸ ಬಿಟ್ಟು ಕೈತೊಳೆಯುತ್ತಾರೆ. ಫೋನು ಅವಳ ಬಳಿ ಇದೆ. ಯಾಕಿದೆಯೋ ನನಗೆ ತಿಳಿಯದು.

ಭವಿಷ್ಯ ಹೇಳುವ ಹುಚ್ಚು ಹತ್ತಿದ್ದು ಗೋಳಗುಮ್ಮಟದಲ್ಲಿ. ಕಾಖಂಡಕಿಯ ಬೀಗರು ಬಂದಿದ್ದರು, ಅವರಿಗೆ ಗುಮ್ಮಟ ತೋರಿಸಲು ಹೋಗಿದ್ದೆವು. ಮೇಲಿನ ಸುತ್ತಿನಲ್ಲಿ ಪಿಸುಗುಟ್ಟಿದರೂ ಎದುರು ಗೋಡೆಗೆ ಕೇಳುತ್ತದೆ ಎಂದು ಗೈಡ್ ವಿವರಿಸುತ್ತಿದ್ದ. ಪಿಸುಗುಟ್ಟುವುದು ಅತ್ತೆಗೆ ಬಾರದ ವಿದ್ಯೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ನಾ ಹೇಳೂದು ಖರೆ ಐತಿ!" ಎಂದು ಕೂಗಿದಳು. ಗುಮ್ಮಟ, "ಖರೆ ಐತಿ... ಖರೆ ಐತಿ... ಖರೆ ಐತಿ..." ಎಂದಿತು. ಅತ್ತೆ ಬೀಗರ ಕಡೆ ತಿರುಗಿ, "ಕೇಳಿದ್ರಿಲ್ಲೋ? ಇಷ್ಟ ವರ್ಷದ ಗುಮ್ಮಟಾ ಐತಿ, ಅದೂ ಒಪ್ಪೇತಿ!" ಎಂದಳು. ಇನ್ನು ಯಾರು ಎದುರಾಡುತ್ತಾರೆ?

ಕೆಳಗಿಳಿದು ಬಂದಾಗ ಫುಟ್‌ಪಾತಿನ ಅಂಗಡಿಯಲ್ಲಿ ಇಸ್ಪೀಟಿನಂಥ ಒಂದು ಚಿತ್ರದ ಎಲೆಗಳ ಕಟ್ಟು ಕಂಡಿತು. ಮೊಮ್ಮಕ್ಕಳ ಆಟಕ್ಕೆಂದು ಕೊಂಡಳು. ದಾರಿಯಲ್ಲಿ ವಿಜಯಪುರದ ನಮ್ಮ ಮನೆಯಲ್ಲಿ ಚಹಾಕ್ಕೆ ಕೂತಾಗ ಕಟ್ಟು ಬಿಚ್ಚಿದರೆ, ಒಂದರಲ್ಲಿ ಕಾಲು ಮೇಲಾಗಿ ನೇತುಬಿದ್ದ ಗಂಡಸು, ಇನ್ನೊಂದರಲ್ಲಿ ಸಿಡಿಲು ಬಡಿದು ಉರಿಯುವ ಗೋಪುರ! ನನ್ನ ಮಗಳು ರೇಣುಕಾ ಮೊಬೈಲಿನಲ್ಲಿ ಹುಡುಕಿ, "ಆಯಿ, ಇದು ಟ್ಯಾರೋ" ಎಂದಳು.

"ಯಾರೋ ಅಂದ್ರ ಯಾರಬೇ?"

"ಯಾರೋ ಅಲ್ಲ ಆಯಿ, ಟ್ಯಾರೋ! ಇದರಾಗ ಭವಿಷ್ಯ ಹೇಳ್ತಾರ."

ಅತ್ತೆಯ ಕಣ್ಣುಗಳು ಹೊಳೆದವು. ಗುಮ್ಮಟವೇ ಒಪ್ಪಿದ ಮೇಲೆ ಕೈಗೆ ಎಲೆಗಳೂ ಬಂದವೆಂದರೆ ಏನರ್ಥ?

ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಅರ್ಥಗಳನ್ನು ಅವಳೇ ಹುಟ್ಟಿಸಿದಳು. ಅವುಗಳಲ್ಲಿ ಅವಳಿಗೆ ಪ್ರಾಣಕ್ಕಿಂತ ಹೆಚ್ಚಾದದ್ದು ಒಂದೇ ಎಲೆ. ಅದರಲ್ಲಿ ತಲೆಗೆ ಬಳ್ಳಿಯೆಲೆಗಳ ಕಿರೀಟ ಸುತ್ತಿಕೊಂಡವನೊಬ್ಬ ಬಿಳಿ ಕುದುರೆಯ ಮೇಲೆ ಕುಳಿತಿದ್ದಾನೆ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೂ ಒಂದು ಹಾರ. ಸುತ್ತಲೂ ಕೋಲು ಹಿಡಿದ ಮಂದಿ. ಎಣಿಸಿದರೆ ಒಟ್ಟು ಆರು ಕೋಲು.

"ಮೊಬೈಲಿನ್ಯಾಗ ಏನ ಬರದಾರ ಓದು" ಎಂದಳು ಅತ್ತೆ.

"ಗೆಲುವು. ನಾಕ ಮಂದಿ ಮುಂದ ಮರ್ಯಾದಿ" ಎಂದು ರೇಣುಕಾ ಓದಿದಳು.

"ಓದೂದೇನ ಬೇಕು? ಕುದುರಿ ಮ್ಯಾಲೆ ಕುಂತಾಂವ ಸೋತ ಬಂದಿರ್ತಾನೇನ?"

ಅಂದಿನಿಂದ ನಿಯಮ ಸರಳವಾಯಿತು: ಎಲೆಯಲ್ಲಿ ಕುದುರೆ ಇದ್ದರೆ ಗೆಲುವು. ಆದರೆ ಆ ಕಟ್ಟಿನಲ್ಲಿ ಕುದುರೆಗಳು ಬೇಕಾದಷ್ಟಿವೆ! ಇಟ್ಟಂಗಿಹಾಳದಲ್ಲಿ ನಮಗೊಬ್ಬ ದೂರದ ಮಾವ ಇದ್ದಾನೆ. ಊರ ಹಾಲಿನ ಸಂಘದ ಚುನಾವಣೆಗೆ ನಿಂತು, ಎಲೆ ತೆಗೆಯಲು ಬಂದ. ತೆಗೆದ. ಕರಿ ಕವಚ ತೊಟ್ಟ ಅಸ್ಥಿಪಂಜರವೊಂದು ಬಿಳಿ ಕುದುರೆ ಏರಿ ಬರುತ್ತಿದೆ, ಕೆಳಗೆ ರಾಜನೊಬ್ಬ ಸತ್ತು ಬಿದ್ದಿದ್ದಾನೆ. ಮಾವನ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ಅಕ್ಕಾ, ಇಂವಾ ಬರೇ ಎಲಬಿನ ಹಂದರ ಆಗ್ಯಾನಲ್ಲಬೇ!"

"ಸ್ವಲ್ಪ ಸೊರಗ್ಯಾನ ಅಷ್ಟ. ಚುನಾವಣಿಗೆ ನಿಂತಾಂವ ಮನಿ ಮನಿ ತಿರಗಿ ಸೊರಗೂದಿಲ್ಲೇನ? ಕುದುರಿ ನೋಡು! ಕೈಯಾಗ ಝಂಡಾ ನೋಡು! ಕೆಳಗ ಬಿದ್ದಾನಲ್ಲ, ಅಂವಾನ ನಿನ್ನ ಎದುರಾಳಿ!"

ಮಾವ ಗೆದ್ದ! ಸಾವಿನ ಎಲೆ ತೆಗೆದು ಹಾಲಿನ ಸಂಘ ಗೆದ್ದವನು ಲೋಕದಲ್ಲಿ ಅವನೊಬ್ಬನೇ ಇರಬೇಕು. ಅತ್ತೆಯ ಹೆಸರು ಬಬಲೇಶ್ವರದವರೆಗೂ ಹಬ್ಬಿತು.

ಹಾಗೆಂದು ಎಲ್ಲವೂ ನಿಜವಾಯಿತೇ? ಪಕ್ಕದ ತೋಟದ ಸೊಸೆ ಇದೇ ಕುದುರೆಯನ್ನು ನಂಬಿ ಸ್ಕೂಟಿಯ ಲೈಸನ್ಸಿಗೆ ಹೋಗಿ, ಪರೀಕ್ಷೆಯಲ್ಲಿ ಕಾಲು ಕೆಳಗಿಟ್ಟು ನಪಾಸಾಗಿ ಬಂದಳು. ಜಗಳಕ್ಕೆಂದೇ ಬಂದವಳಿಗೆ ಅತ್ತೆ ಚಹಾ ಕೊಟ್ಟು, "ಎಲಿಯಾಗ ಬಂದದ್ದು ಕುದುರಿ. ಕುದುರಿಗೆ ಲೈಸನ್ಸ್ ಬೇಕಾಗೂದಿಲ್ಲ, ಸ್ಕೂಟಿಗೆ ಬೇಕು. ಅದು ನನ್ನ ತಪ್ಪೇನವಾ?" ಎಂದಳು. ಸೊಸೆ ಸ್ವಲ್ಪ ಹೊತ್ತು ಯೋಚಿಸಿ, ಹೌದು ಎಂದು ಒಪ್ಪಿಕೊಂಡು, ಇನ್ನೊಂದು ಎಲೆ ತೆಗೆದು ಹೋದಳು!

ಇಷ್ಟರವರೆಗೆ ನಾನು ನಗುತ್ತಲೇ ಇದ್ದೆ. ಆಮೇಲೆ ಕುದುರೆ ನಮ್ಮ ಮನೆಗೇ ಬಂತು.

ನಮ್ಮ ಕಡೆ ಸೈಕಲ್ ರೇಸಿನ ಹುಚ್ಚು ಎಷ್ಟೆಂಬುದು ಹೊರಗಿನವರಿಗೆ ಗೊತ್ತಿಲ್ಲ. ಬೆಳಕು ಹರಿಯುವಾಗ ವಿಜಯಪುರದ ಯಾವ ರಸ್ತೆಗೆ ಹೋದರೂ ಬಾಗಿ ಕುಳಿತ ಬೆನ್ನುಗಳು ಸರ್ರನೆ ಹಾದುಹೋಗುತ್ತವೆ. ರೇಣುಕಾಳೂ ಅವರಲ್ಲಿ ಒಬ್ಬಳು. ಅವಳ ಮನಸ್ಸಿನಲ್ಲಿ ಕಾಲೇಜಿಗೆ ಎರಡನೆಯ ಸ್ಥಾನ, ಸೈಕಲ್ಲಿಗೆ ಮೊದಲನೆಯದು. ಹೋದ ವರ್ಷ ಕಾಖಂಡಕಿಯ ಕಡೆ ತಾಲೀಮಿಗೆ ಹೋದಾಗ ಒಂದು ಇಳಿಜಾರಿನಲ್ಲಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡಳು. ಎಲುಬು ಕೂಡಿತು. ಡಾಕ್ಟರು ಸೈಕಲ್ ತುಳಿಯಬಹುದೆಂದರು. ರೇಣುಕಾ ಮಾತ್ರ ಸೈಕಲ್ಲನ್ನು ಗೋಡೆಯ ಮೊಳೆಗೆ ನೇತುಹಾಕಿ, ಅದರತ್ತ ನೋಡುವುದನ್ನೇ ಬಿಟ್ಟಳು. ಕೇಳಿದರೆ, "ಅಭ್ಯಾಸ ಬಾಳ ಐತಿ" ಎನ್ನುತ್ತಿದ್ದಳು. ಅಷ್ಟೊಂದು ಓದುವ ಹುಡುಗಿ ಅವಳಲ್ಲ ಎಂದು ಹೈಸ್ಕೂಲ್ ಮಾಸ್ತರನಾದ ನನಗೆ ಗೊತ್ತಾಗುವುದಿಲ್ಲವೇ?

ಜಿಲ್ಲೆಯ ರೇಸು ಹತ್ತಿರ ಬಂದಾಗ ಅತ್ತೆ ಎಲೆಗಳ ಸಮೇತ ಬಂದಿಳಿದಳು.

"ಬ್ಯಾಡ ಆಯಿ. ಇಳಿಜಾರು ಕಂಡ್ರ ನನ್ನ ಕೈಕಾಲು ನಡಗ್ತಾವ" ಎಂದಳು ರೇಣುಕಾ.

"ನಡಗಲಿ ಬಿಡು. ಎಲಿ ತಗಿ."

ತೆಗೆದಳು. ಆರು ಕೋಲು, ಬಿಳಿ ಕುದುರೆ! ರೇಣುಕಾ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಆಯಿ, ಇದನ್ನ ನೀನ ಮ್ಯಾಲೆ ಇಟ್ಟಿದ್ದಿ."

"ಇಟ್ಟಿದ್ರ ಏನಾತು? ತಗದಾಕಿ ನೀನಲ್ಲ?"

ರೇಣುಕಾ ನಕ್ಕಳು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಆ ನಗು ಕೇಳಿ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಮರುದಿನ ಸೈಕಲ್ಲು ಗೋಡೆಯಿಂದ ಇಳಿಯಿತು.

ಇಟ್ಟಂಗಿಹಾಳದ ಹತ್ತಿರ ಆರಂಭ, ತಿಕೋಟಾ ಹಾದು ಬಬಲೇಶ್ವರದಲ್ಲಿ ಮುಕ್ತಾಯ. ಇದು ರೇಸಿನ ದಾರಿ. ಅತ್ತೆಯ ದಾರಿಯೇ ಬೇರೆ! ಎಲೆಯಲ್ಲಿ ಏನೇನಿದೆಯೋ ಅದೆಲ್ಲ ಬಬಲೇಶ್ವರದಲ್ಲಿ ಹಾಜರಿರಬೇಕು ಎಂದು ಹೊರಟಳು. ಗೋಳಗುಮ್ಮಟದ ಮುಂದಿನ ಟಾಂಗಾದವನಿಂದ ಕುದುರೆ ಗೊತ್ತು ಮಾಡಿದಳು. ಅದು ಕಂದು ಬಣ್ಣದ್ದು.

"ಬಿಳೀದು ಇಲ್ಲೇನಪಾ?"

"ಬಿಳೀದು ಮದುವಿಗೆ ಹೋಗೇತ್ರಿ ಅವ್ವಾರ."

"ಇರಲಿ, ಮ್ಯಾಲೆ ಹೊಚ್ಚಾಕ ಬಿಳೀ ಚಾದರ ಐತಿ."

ಕುದುರೆಯನ್ನು ಟೆಂಪೋದಲ್ಲಿ ಹತ್ತಿಸಿದರು. ತೋಟದ ದ್ರಾಕ್ಷಿ ಎಲೆಗಳಿಂದ ಎರಡು ಹಾರ ಕಟ್ಟಿದರು. ಬಳ್ಳಿಗೆ ಆಸರೆ ಕೊಡುವ ಕೋಲುಗಳನ್ನು ಕಿತ್ತು ತಂದರು. ಐದು ಕೋಲು ನಮಗೆ, ಆರನೆಯದು ರೇಣುಕಾಳಿಗೆ. ಇಟ್ಟಂಗಿಹಾಳದ ಮಾವ, ಕಾಖಂಡಕಿಯ ಬೀಗರಿಬ್ಬರು, ನಾನು, ನನ್ನ ಹೆಂಡತಿ, ಎಲ್ಲರೂ ಕೋಲು ಹಿಡಿದು ಮುಕ್ತಾಯದ ಗೆರೆಯ ಪಕ್ಕ ಸಾಲಾಗಿ ನಿಂತೆವು. ಹಿಂದೆ ಹಲಗೆ ಬಾರಿಸುವವರು. ಬಂದೋಬಸ್ತಿಗಿದ್ದ ಪೊಲೀಸಪ್ಪ ಓಡಿ ಬಂದ.

"ಯಾಕ್ರೀ ಮಾಸ್ತರ, ಕೋಲು ಹಿಡಕೊಂಡ ನಿಂತೀರಿ? ಜಗಳ ಯಾರ ಜೋಡಿ?"

"ಜಗಳಲ್ರೀ ಸಾಹೇಬ್ರ, ಭವಿಷ್ಯ!" ಎಂದಳು ಅತ್ತೆ. ಆತನನ್ನೂ ಬಿಡಲಿಲ್ಲ. ಎಲೆ ತೆಗೆಸಿ, ಬಡ್ತಿ ಬರುತ್ತದೆಂದು ಹೇಳಿದಳು. ಆತ ನಮ್ಮ ಪಕ್ಕದಲ್ಲೇ ನಿಂತುಬಿಟ್ಟ!

ಸೀಟಿ, ಚಪ್ಪಾಳೆ, ಧೂಳು! ಮೊದಲನೆಯವಳು ಗೆರೆ ದಾಟಿದಳು. ಅವಳು ನಮ್ಮವಳಲ್ಲ. ಎರಡನೆಯವಳು, ಮೂರನೆಯವಳು. ಆಮೇಲೆ ಗುಂಪು ಗುಂಪಾಗಿ ಬಂದರು. ಪ್ರತಿ ಹೆಲ್ಮೆಟ್ಟಿಗೂ ಅತ್ತೆ ಕೈ ಎತ್ತುತ್ತಿದ್ದಳು, ಹಲಗೆಯವರು ಬಾರಿಸುವ ಕಡ್ಡಿ ಎತ್ತುತ್ತಿದ್ದರು, ಮುಖ ಕಂಡ ಮೇಲೆ ಇಳಿಸುತ್ತಿದ್ದರು. ಕುದುರೆ ಬೇಸರಗೊಂಡು ಒಂದು ಹಾರವನ್ನು ತಿಂದು ಮುಗಿಸಿತು. ಬಹುಮಾನ ಹಂಚಿದರು, ಶಾಮಿಯಾನ ಬಿಚ್ಚತೊಡಗಿದರು. ರೇಣುಕಾ ಇನ್ನೂ ಬಂದಿರಲಿಲ್ಲ. ಮತ್ತೆ ಬಿದ್ದಳೇ?

ಬೀಗರು ಮೆಲ್ಲಗೆ, "ಎಲಿ ತಪ್ಪೇತಿ ಅಂತ ಕಾಣತೈತಿ" ಎಂದರು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯನ್ನೇ ನೋಡಿದಳು.

ಕೊನೆಗೆ ದೂರದಲ್ಲಿ ಒಂದು ಸೈಕಲ್ ಕಂಡಿತು. ರೇಣುಕಾ! ಹಲಗೆ ಒಮ್ಮೆಲೇ ಗುಡುಗಿತು. ಆ ಸದ್ದಿಗೆ ಅವಳು ಬೆಚ್ಚಿ ತಲೆ ಎತ್ತಿದಳು. ಕುದುರೆ, ಕೋಲು, ಮಂದಿ, ಪೊಲೀಸಪ್ಪ. ನೋಡಿ, ಗೆರೆಗೆ ಸ್ವಲ್ಪ ದೂರದಲ್ಲೇ ಕಾಲು ಕೆಳಗಿಟ್ಟು ನಿಂತುಬಿಟ್ಟಳು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಸೈಕಲ್ಲನ್ನು ಬಂದ ದಾರಿಯತ್ತ ತಿರುಗಿಸತೊಡಗಿದಳು.

ನಾನು ಓಡಲು ಹೊರಟೆ. ಅತ್ತೆ ನನ್ನ ರಟ್ಟೆ ಹಿಡಿದಳು.

"ನೀ ನಿಂದ್ರು. ಹಲಗಿ ಬಂದ್ ಮಾಡ್ರಿ!" ಎಂದಳು. ಹಲಗೆ ನಿಂತಿತು. "ಈಗ ಎಲ್ಲಾರೂ ಆ ಕಡೆ ಮಾರಿ ಮಾಡ್ರಿ."

"ಏನಂದಿ?" ಎಂದೆ ನಾನು.

"ತಿರಗ್ರಿ ಅಂದ್ನಿ! ಕೂಸು ಗೆರಿ ದಾಟೂದನ್ನ ಯಾರೂ ನೋಡಬ್ಯಾಡ್ರಿ."

ತಿರುಗಿದೆವು. ಐದು ಜನ ಕೋಲಿನವರು, ಹಲಗೆಯವರು, ಶಾಮಿಯಾನ ಬಿಚ್ಚುತ್ತಿದ್ದವರು, ಎಲ್ಲರೂ ಬೆನ್ನು ಮಾಡಿ ನಿಂತೆವು. ಪೊಲೀಸಪ್ಪ ಟೊಪ್ಪಿಗೆ ಸರಿಮಾಡಿಕೊಂಡು, ಶಿಸ್ತಾಗಿ ಹಿಂದಕ್ಕೆ ತಿರುಗಿ ನಿಂತ. ಟಾಂಗಾದವನು ಕುದುರೆಯ ಮೂತಿಯನ್ನೂ ಹಿಡಿದು ತಿರುಗಿಸಿದ! ಎದುರಿಗೆ ಒಂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅಷ್ಟೂ ಜನ ಉಸಿರು ಬಿಗಿಹಿಡಿದು ಆ ಗೋಡೆಯನ್ನು ನೋಡುತ್ತ ನಿಂತೆವು.

ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ನಮ್ಮ ಬೆನ್ನ ಹಿಂದೆ ಚಕ್ರದ ಸಣ್ಣ ಸದ್ದು, ಟಿಕ್ ಟಿಕ್ ಟಿಕ್ ಎಂದು ಹತ್ತಿರ ಬಂದು, ಹಾದು, ನಿಂತಿತು.

"ಆಯಿ," ಎಂದಿತು ರೇಣುಕಾಳ ದನಿ, "ಯಾರೂ ನೋಡಲಿಲ್ಲಲ್ಲ?"

"ಯಾರೂ ನೋಡಿಲ್ಲವ್ವಾ. ನಾನೂ ನೋಡಿಲ್ಲ."

ನಾನು ತಿರುಗಿದಾಗ ರಸ್ತೆಗೇ ಮುಖ ಮಾಡಿ ನಿಂತಿದ್ದ ಅತ್ತೆಯ ಕೆನ್ನೆ ತೊಯ್ದಿತ್ತು. ಅವಳೊಬ್ಬಳು ತಿರುಗಿಯೇ ಇರಲಿಲ್ಲ ಎಂದು ನನಗೆ ಆಗ ತಿಳಿಯಿತು.

"ಹಳ್ಳದ ಇಳಿಜಾರಿನ್ಯಾಗ ಕೆಳಗ ಇಳದು ನಡಕೊಂತ ಬಂದ್ನಿ ಆಯಿ" ಎಂದು ರೇಣುಕಾ ಬಿಕ್ಕಿದಳು. "ಎಲ್ಲಾರೂ ನನ್ನ ದಾಟಿ ಹೋದ್ರು."

"ನಡದ ಮ್ಯಾಲೆ?"

"ಮತ್ತ ಹತ್ತಿ ತುಳದ್ನಿ."

"ಸಾಕಲ್ಲ" ಎಂದು ಅತ್ತೆ ಸೆರಗಿನಿಂದ ಅವಳ ಮುಖದ ಧೂಳು ಒರೆಸಿದಳು.

ಊಟ ತಿಕೋಟಾದ ತೋಟದಲ್ಲಿತ್ತು. ಕುದುರೆಯನ್ನು ಟೆಂಪೋದಲ್ಲಿ ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು. ಸೈಕಲ್ಲನ್ನೂ ಮೇಲೆ ಹಾಕೋಣವೆಂದು ನಾನು ಹಿಡಿದರೆ ರೇಣುಕಾ ಬಿಡಲಿಲ್ಲ. "ಬ್ಯಾಡಪ್ಪಾ. ನಾ ಇದರ ಮ್ಯಾಲೆ ಬರ್ತೀನಿ" ಎಂದಳು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕೈ ಚಿವುಟಿದಳು. ಮುಚ್ಚಿಕೊಂಡೆ.

ಟೆಂಪೋ ಅವಳ ಹಿಂದೆ ಹೊರಟಿತು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಅತ್ತೆ, ಬಾಗಿಲ ಬದಿಗೆ ನಾನು. ಹಳ್ಳ ಬಂತು. ಹೋಗುವಾಗ ಆ ಬದಿಯಿಂದ ಇಳಿಜಾರು ಇದ್ದಂತೆ, ಬರುವಾಗ ಈ ಬದಿಯಿಂದಲೂ ಒಂದು ಇಳಿಜಾರು ಇತ್ತು. ಅದರ ತಲೆಯ ಮೇಲೆ ರೇಣುಕಾ ನಿಂತಳು. ಡ್ರೈವರನೂ ನಿಲ್ಲಿಸಿದ. ಅವಳು ಹಿಂದಿರುಗಿ ನೋಡಲಿಲ್ಲ. ಹೆಗಲು ಒಮ್ಮೆ ಏರಿ ಇಳಿಯಿತು. ಬ್ರೇಕಿನ ಮೇಲೆ ಬೆರಳಿಟ್ಟು, ಸೀಟಿನ ಮೇಲೆ ಕುಳಿತೇ, ಮೆಲ್ಲಗೆ ಜಾರತೊಡಗಿದಳು.

ಡ್ರೈವರನಿಗೆ ಹಸಿವಾಗಿತ್ತೋ ಏನೋ, ಹಾರನ್ ಒತ್ತಿ ಪಕ್ಕದಿಂದ ಮುಂದೆ ಹೋಗಲು ಸ್ಟೇರಿಂಗ್ ತಿರುಗಿಸಿದ. ಅತ್ತೆ ಅವನ ಕೈಯ ಮೇಲೆ ಕೈಯಿಟ್ಟಳು. ಇಡೀ ಹೊಲಕ್ಕೆ ಕೇಳುವಂತೆ ಕೂಗುವ ನಮ್ಮ ಅತ್ತೆ, ಪಕ್ಕದಲ್ಲಿದ್ದ ನನಗೂ ಕಷ್ಟದಿಂದ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಮೆಲ್ಲಕ ನಡಿಯಪಾ. ಆಕಿ ಮುಂದ ಇರಲಿ."